ಕೆಂಪು ಗುಲಾಬಿ ಬಿಳಿಯಾಯಿತೇ? ಅಂಗಳಕ್ಕೆ ತಳಿ ಆರಿಸುವ ಮುನ್ನ

ಪ್ರಶ್ನೆ: ತುಮಕೂರಿನ ಹೊರವಲಯದಲ್ಲಿ ಎರಡು ವರ್ಷದ ಹಿಂದೆ ಮನೆ ಕಟ್ಟಿಸಿದೆವು. ಪೂರ್ವದ ಅಂಗಳದಲ್ಲಿ ಇಪ್ಪತ್ತು ಅಡಿ ಉದ್ದ, ಎಂಟು ಅಡಿ ಅಗಲದ ಜಾಗವನ್ನು ಹೂಗಿಡಗಳಿಗೆಂದೇ ಬಿಟ್ಟಿದ್ದೇವೆ. ಈವರೆಗೆ ಹನ್ನೊಂದು ಗುಲಾಬಿ ಗಿಡ ತಂದೆ. ಎಂಟು ಗಿಡ ಮನೆ ಮುಂದೆ ಬರುವ ಗಾಡಿಯವರಿಂದ, ಮೂರು ಫಲಪುಷ್ಪ ಪ್ರದರ್ಶನದಿಂದ. ಗಾಡಿಯ ಗಿಡಗಳಲ್ಲಿ ಆರು ಎರಡು ತಿಂಗಳೊಳಗೆ ಒಣಗಿದವು. ಇನ್ನೊಂದು, ಏಪ್ರಿಲ್‌ನಲ್ಲಿ ಕೊಂಬೆ ಕತ್ತರಿಸಿದ ಮೇಲೆ ತುದಿಯಿಂದ ಕಪ್ಪಾಗುತ್ತಾ ಹೋಗಿ ಸತ್ತಿತು. ಉಳಿದ ನಾಲ್ಕರಲ್ಲಿ ಎರಡರ ಎಲೆ ಹಳದಿ, ಒಂದು ಮಳೆಗಾಲದಲ್ಲಿ ಎಲೆಯೆಲ್ಲ ಉದುರಿಸಿ ಬೋಳಾಗುತ್ತದೆ. ಅಂಗೈಯಗಲದ ಕಡುಗೆಂಪು ಹೂ ಬಿಡುತ್ತಿದ್ದ ನಾಲ್ಕನೆಯದು ಈ ಸಲ ಗೊಂಚಲು ಗೊಂಚಲಾಗಿ ಪುಟ್ಟ ಬಿಳಿ ಹೂ ಬಿಟ್ಟಿದೆ! ಅತ್ತೆಯವರು ದೃಷ್ಟಿ ತಾಗಿದೆ ಎನ್ನುತ್ತಾರೆ, ಪಕ್ಕದ ಮನೆಯವರು ಮಣ್ಣಿನ ದೋಷ ಎನ್ನುತ್ತಾರೆ. ಆನ್‌ಲೈನಿನಲ್ಲಿ ತರಿಸಿದ ನೀಲಿ ಗುಲಾಬಿ ಬೀಜ ಮೊಳೆಯಲೇ ಇಲ್ಲ. ಅತ್ತೆಯವರಿಗೆ ಪೂಜೆಗೆ, ಮುಡಿಯಲು ಪರಿಮಳದ ಹೂ ಬೇಕು. ನನಗೆ ದೊಡ್ಡ ಹೂವಿನ ಆಸೆ. ನಾಲ್ಕು ವರ್ಷದ ಮಗಳಿದ್ದಾಳೆ, ವಿಷ ಸಿಂಪಡಿಸಲು ಮನಸ್ಸಿಲ್ಲ. ನೀರು ಕೊಳವೆ ಬಾವಿಯದು. ಹಠ ಬಿಟ್ಟು ದಾಸವಾಳ ಹಾಕಲೇ? ಅಥವಾ ನಮ್ಮಲ್ಲಿ ಬದುಕುವ ಐದಾರು ತಳಿಗಳ ಹೆಸರು ಹೇಳುವಿರಾ?

ಉತ್ತರ: ದಾಸವಾಳವನ್ನೂ ಹಾಕಿ, ಬೇಡವೆನ್ನುವುದಿಲ್ಲ. ಆದರೆ ಗುಲಾಬಿಯನ್ನು ಕೈಬಿಡಬೇಕಾದ ಕಾರಣ ನಿಮ್ಮ ಪತ್ರದಲ್ಲಿ ನನಗೆ ಕಾಣಲಿಲ್ಲ. ಬೆಳಗಿನ ಬಿಸಿಲು ನೇರ ಬೀಳುವ ಪೂರ್ವದ ಅಂಗಳ, ಬಯಲುಸೀಮೆಯ ಒಣ ಹವೆ, ತಂಪು ರಾತ್ರಿ. ಇವನ್ನು ಕಂಡರೆ ಕರಾವಳಿಯ ಗುಲಾಬಿಪ್ರಿಯರು ಹೊಟ್ಟೆಕಿಚ್ಚು ಪಡುತ್ತಾರೆ. ಜಾಗ ನಿಮಗೆ ಮೋಸ ಮಾಡಿಲ್ಲ. ಗಿಡಗಳು ಕೈಗೆ ಬಂದ ಬಗೆ ಮೋಸ ಮಾಡಿದೆ. ತಳಿಯ ಹೆಸರುಗಳಿಗೆ ಆಮೇಲೆ ಬರುತ್ತೇನೆ. ನಿಮ್ಮ ಹನ್ನೊಂದು ಗಿಡಗಳಿಗೆ ಏನಾಯಿತು ಎಂದು ತಿಳಿಯದೆ ಹೆಸರು ಕೊಟ್ಟರೆ ಹನ್ನೆರಡನೆಯದೂ ಅದೇ ದಾರಿ ಹಿಡಿಯುತ್ತದೆ.

ಮೊದಲು ಬಿಳಿ ಹೂವಿನ ವಿಚಾರ. ನಾನು ನರ್ಸರಿ ಕೆಲಸದಲ್ಲಿದ್ದ ಮೂವತ್ತು ವರ್ಷಗಳಲ್ಲಿ ಅತಿ ಹೆಚ್ಚು ಸಲ ಉತ್ತರಿಸಿದ ಪ್ರಶ್ನೆ ಇದು. ದೃಷ್ಟಿಯೂ ಅಲ್ಲ, ಮಣ್ಣೂ ಅಲ್ಲ. ನೀವು ತಂದದ್ದು ಒಂದು ಗಿಡವಲ್ಲ, ಎರಡು. ದೊಡ್ಡ ಹೂವಿನ ತಳಿಗಳಿಗೆ ಸ್ವಂತ ಬೇರಿನ ಬಲ ಸಾಮಾನ್ಯವಾಗಿ ಕಡಿಮೆ. ಹಾಗಾಗಿ ಗಟ್ಟಿ ಬೇರಿನ ಕಾಡು ಜಾತಿಯ ಗುಲಾಬಿಯೊಂದನ್ನು ಬೆಳೆಸಿ, ಅದರ ಬುಡದಲ್ಲಿ ನಮಗೆ ಬೇಕಾದ ತಳಿಯ ಒಂದೇ ಒಂದು ಕಣ್ಣು, ಅಂದರೆ ಎಲೆಯ ಸಂದಿನ ಚಿಗುರುಮೊಗ್ಗು, ಕೂರಿಸುತ್ತಾರೆ. ಕಣ್ಣು ಚಿಗುರಿದ ಮೇಲೆ ಕೆಳಗಿನ ಗಿಡದ ತಲೆ ಕತ್ತರಿಸುತ್ತಾರೆ. ಬುಡದಲ್ಲಿ ಗಂಟಿನಂತೆ ಕಾಣುವುದೇ ಆ ಕೂಡುವ ಜಾಗ. ಗಂಟಿನ ಮೇಲಿರುವುದು ನಿಮ್ಮ ಕೆಂಪು ಗುಲಾಬಿ, ಕೆಳಗಿರುವುದು ಬೇರುಗಿಡ. ಬೇರುಗಿಡ ಸುಮ್ಮನಿರುವ ಸ್ವಭಾವದ್ದಲ್ಲ. ಅವಕಾಶ ಸಿಕ್ಕಾಗಲೆಲ್ಲ ಗಂಟಿನ ಕೆಳಗಿನಿಂದ, ಕೆಲವೊಮ್ಮೆ ಮಣ್ಣಿನೊಳಗಿಂದ, ಉದ್ದುದ್ದ ಚಿಗುರು ಕಳಿಸುತ್ತದೆ. ನಾವೋ, ಎಷ್ಟು ಚೆನ್ನಾಗಿ ಚಿಗುರಿತು ಎಂದು ಹಿಗ್ಗಿ ಅದಕ್ಕೇ ಗೊಬ್ಬರ ಹಾಕುತ್ತೇವೆ. ಒಂದು ವರ್ಷದಲ್ಲಿ ಮೇಲಿನ ತಳಿ ಸೊರಗಿ ಸಾಯುತ್ತದೆ. ಆಮೇಲೆ ಬಿಡುವ ಹೂವು ಬೇರುಗಿಡದ್ದು. ಬಣ್ಣ ಬದಲಾಗಿಲ್ಲ, ಬಾಡಿಗೆಗಿದ್ದವರು ಹೊರಟುಹೋಗಿ ಮನೆ ಯಜಮಾನರು ಬಾಗಿಲು ತೆರೆದಿದ್ದಾರೆ, ಅಷ್ಟೆ.

ಪುಟ್ಟ ಬಿಳಿ ಹೂವಿನ ಗೊಂಚಲು ಎಂದಿದ್ದೀರಿ. ಹಾಗಾದರೆ ನಿಮ್ಮದು ಬಹುತೇಕ ಮಲ್ಟಿಫ್ಲೋರಾ ಬೇರುಗಿಡ. ಖಚಿತಪಡಿಸಿಕೊಳ್ಳಲು ಒಂದು ಎಲೆ ಕಿತ್ತು ಅದರ ತೊಟ್ಟು ಕಾಂಡಕ್ಕೆ ಅಂಟಿದ ಕಡೆ ನೋಡಿ. ಎರಡೂ ಬದಿಗೆ ಸಣ್ಣ ರೆಕ್ಕೆಯಂಥದ್ದು ಇರುತ್ತದೆ. ಆ ರೆಕ್ಕೆಯ ಅಂಚು ಬಾಚಣಿಗೆಯ ಹಲ್ಲುಗಳಂತೆ ಸೀಳಿಕೊಂಡಿದ್ದರೆ ಮಲ್ಟಿಫ್ಲೋರಾ ಎಂದೇ ತಿಳಿಯಿರಿ. ‘ಒಂದು ತೊಟ್ಟಿನಲ್ಲಿ ಏಳು ಎಲೆ ಇದ್ದರೆ ಕಾಡು, ಐದಿದ್ದರೆ ಜಾತಿ ಗುಲಾಬಿ’ ಎಂದು ಹಲವರು ಹೇಳುತ್ತಾರೆ. ಅದನ್ನು ನಂಬಿ ಒಳ್ಳೆಯ ಕೊಂಬೆಗಳನ್ನು ಕತ್ತರಿಸಿ ಬಿಸಾಡಿದವರನ್ನು ಕಂಡಿದ್ದೇನೆ. ಎಷ್ಟೋ ಒಳ್ಳೆಯ ತಳಿಗಳಿಗೂ ಏಳೆಲೆ ಬರುತ್ತದೆ. ಚಿಗುರು ಗಂಟಿನ ಮೇಲಿಂದ ಬಂದಿದೆಯೇ ಕೆಳಗಿನಿಂದಲೇ ಎಂಬುದೊಂದೇ ನಂಬತಕ್ಕ ಗುರುತು. ಬೇರೆ ಗಿಡಗಳಲ್ಲಿ ಇಂಥ ಚಿಗುರು ಕಂಡರೆ ಕತ್ತರಿಯಿಂದ ಕತ್ತರಿಸಬೇಡಿ, ಬುಡದಲ್ಲಿ ಉಳಿದ ಕಣ್ಣುಗಳಿಂದ ಒಂದರ ಬದಲು ಮೂರು ಹುಟ್ಟುತ್ತವೆ. ಮಣ್ಣು ಸರಿಸಿ, ಹುಟ್ಟಿದ ಜಾಗದಿಂದಲೇ ಕೆಳಕ್ಕೆ ಎಳೆದು ಕೀಳಬೇಕು. ಬಿಳಿಯಾದ ಗಿಡವನ್ನು ಮಾತ್ರ ಸದ್ಯಕ್ಕೆ ಮುಟ್ಟಬೇಡಿ. ಅದರಿಂದ ಒಂದು ಉಪಯೋಗವಿದೆ, ಕೊನೆಗೆ ಹೇಳುತ್ತೇನೆ.

ಗಾಡಿಯ ಗಿಡಗಳು ಸತ್ತದ್ದಕ್ಕೆ ನಿಮ್ಮ ಕೈಗುಣ ಕಾರಣವಲ್ಲ. ಆ ಗಿಡಗಳಲ್ಲಿ ಬಹಳಷ್ಟು ಆಂಧ್ರದ ಕಡಿಯಂ ಕಡೆಯ ನರ್ಸರಿಗಳಿಂದ ಲಾರಿಯಲ್ಲಿ ಬರುತ್ತವೆ. ದೂರ ಸಾಗಿಸಲು ಅನುಕೂಲವೆಂದು ಬೇರನ್ನು ಜಿಗುಟು ಮಣ್ಣಿನ ಉಂಡೆಯಲ್ಲಿ ಕಟ್ಟಿರುತ್ತಾರೆ. ಉಂಡೆಯನ್ನು ಹಾಗೇ ಗುಂಡಿಗಿಟ್ಟರೆ ಸುತ್ತಲಿನ ಸಡಿಲ ಮಣ್ಣು ನೀರು ಕುಡಿಯುತ್ತದೆ, ಉಂಡೆ ಕುಡಿಯುವುದಿಲ್ಲ. ಸತ್ತ ಗಿಡವೊಂದನ್ನು ಕಿತ್ತು ಉಂಡೆ ಒಡೆದು ನೋಡಿ: ಹೊರಗೆ ಒದ್ದೆ, ಒಳಗೆ ಇಟ್ಟಿಗೆಯಂತೆ ಒಣಗಿರುತ್ತದೆ, ಬೇರು ಹಗ್ಗ ಸುತ್ತಿದಂತೆ ಒಳಗೇ ಸುತ್ತಿಕೊಂಡಿರುತ್ತದೆ, ಕೆಲವೊಮ್ಮೆ ಪ್ಲಾಸ್ಟಿಕ್ ಚೂರೂ ಸಿಗುತ್ತದೆ. ಅಂಥ ಗಿಡ ತಂದರೆ ಉಂಡೆಯನ್ನು ಅರ್ಧ ಗಂಟೆ ಬಕೆಟ್ ನೀರಿನಲ್ಲಿಟ್ಟು, ಮೆತ್ತಗಾದ ಹೊರಮಣ್ಣನ್ನು ಬೆರಳಿನಿಂದ ಬಿಡಿಸಿ, ಬೇರಿನ ತುದಿ ಕಾಣುವಂತೆ ಮಾಡಿ ನೆಡಿ. ಬೇರು ಅಲುಗಿದರೆ ಗಿಡ ಸಾಯುವ ಅಪಾಯ ಇದರಲ್ಲೂ ಇದೆ. ಆದ್ದರಿಂದ ಮೋಡ ಮುಚ್ಚಿದ ಜೂನ್, ಜುಲೈ ದಿನಗಳಲ್ಲಿ ಮಾಡಬಹುದು, ಮಾರ್ಚಿಯಲ್ಲಿ ಬೇಡ. ಏಪ್ರಿಲ್‌ನಲ್ಲಿ ಕೊಂಬೆ ಕತ್ತರಿಸಿದ್ದು ಮಾತ್ರ ನಿಮ್ಮದೇ ತಪ್ಪು. ಎಲೆಯ ನೆರಳಿಲ್ಲದ ಕಾಂಡ ಬಿಸಿಲಿಗೆ ಬೆಂದು, ಕತ್ತರಿಸಿದ ಗಾಯದಿಂದ ಶಿಲೀಂಧ್ರ ಒಳಗಿಳಿದು, ತುದಿಯಿಂದ ಕಪ್ಪಾಗುತ್ತಾ ಬಂದಿದೆ. ನಮ್ಮ ಬಯಲುಸೀಮೆಯಲ್ಲಿ ಸವರಲು ಸರಿಯಾದ ಕಾಲ ಮುಂಗಾರು ಹಿಂದೆಗೆಯುವ ಅಕ್ಟೋಬರ್. ಸವರಿದ ಆರೇಳು ವಾರಕ್ಕೆ ಹೂವು.

ನೀಲಿ ಬೀಜದ ಬಗ್ಗೆ ಎರಡೇ ಮಾತು. ಗುಲಾಬಿ ಕುಲದಲ್ಲಿ ನೀಲಿಗೆ ಬೇಕಾದ ಡೆಲ್ಫಿನಿಡಿನ್ ಎಂಬ ವರ್ಣದ್ರವ್ಯವೇ ತಯಾರಾಗುವುದಿಲ್ಲ. ಜಪಾನಿನ ಸಂಟೋರಿ ಸಂಸ್ಥೆ ಬೇರೆ ಹೂವಿನ ವಂಶವಾಹಿ ಸೇರಿಸಿ ‘ನೀಲಿ’ ಗುಲಾಬಿ ಮಾಡಿ 2009ರಲ್ಲಿ ಮಾರಾಟಕ್ಕೆ ತಂದಿತು. ಅದೂ ನೋಡಲು ತಿಳಿ ನೇರಳೆ. ಅಂಗಡಿಯಲ್ಲಿ ಕಾಣುವ ಕಡುನೀಲಿ ಹೂವು ಬಣ್ಣದ ನೀರು ಕುಡಿದ ಬಿಳಿ ಗುಲಾಬಿ. ಇನ್ನು ಹೆಸರಾಂತ ತಳಿ ಯಾವುದೂ ಬೀಜದಿಂದ ತಾಯಿಯಂತೆ ಬರುವುದಿಲ್ಲ, ಆದ್ದರಿಂದ ಗುಲಾಬಿ ಬೀಜವನ್ನು ಯಾವ ಬಣ್ಣದ್ದೆಂದು ಹೇಳಿ ಮಾರಿದರೂ ಕೊಳ್ಳಬೇಡಿ.

ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದಿವೆಯೇ? ಹೊಸ ಎಲೆಯಲ್ಲೇ ಹೆಚ್ಚೇ? ಹಾಗಾದರೆ ಕೊಳವೆ ಬಾವಿಯ ಗಡಸು ನೀರನ್ನು ಸಂಶಯಿಸಿ. ಸ್ನಾನದ ಬಕೆಟ್ಟಿನ ಒಳಗೆ ಬಿಳಿ ಪದರ ಕಟ್ಟುತ್ತಿದ್ದರೆ ಅದೇ ಸಾಕ್ಷಿ. ಮಣ್ಣು ಕ್ಷಾರವಾದಂತೆ ಅದರಲ್ಲಿರುವ ಕಬ್ಬಿಣ ಬೇರಿಗೆ ಸಿಗುವುದಿಲ್ಲ. ಗುಲಾಬಿಗೆ ಇಷ್ಟವಾದದ್ದು ತುಸು ಹುಳಿ ಮಣ್ಣು, ಪಿಎಚ್ 6ರಿಂದ 6.5ರ ಆಸುಪಾಸು. ಚಾವಣಿಯ ಮಳೆನೀರು ಹಿಡಿದಿಟ್ಟು ಹಾಕುವುದು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸುತ್ತಾ ಹೋಗುವುದು ದೀರ್ಘಕಾಲದ ಮದ್ದು. ಬೇಗ ಹಸಿರಾಗಬೇಕೆಂದರೆ ಗೊಬ್ಬರದ ಅಂಗಡಿಯಲ್ಲಿ ಸಿಗುವ ಅನ್ನಭೇದಿಯನ್ನು (ಫೆರಸ್ ಸಲ್ಫೇಟ್) ಲೀಟರಿಗೆ 2ರಿಂದ 3 ಗ್ರಾಂನಂತೆ ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಟೈಲ್ಸ್ ಮೇಲೆ ಬಿದ್ದರೆ ತುಕ್ಕಿನ ಕಲೆ ಹೋಗುವುದಿಲ್ಲ, ಎಚ್ಚರ. ಮೊಟ್ಟೆಯ ಸಿಪ್ಪೆ ಈ ಮಣ್ಣಿಗೆ ಬೇಡವೇ ಬೇಡ, ಸುಣ್ಣಕ್ಕೆ ಮತ್ತೆ ಸುಣ್ಣ ಸೇರಿಸಿದಂತಾಗುತ್ತದೆ. ಹಾಲು ಸಕ್ಕರೆ ಹಾಕಿ ಕುದಿಸಿದ ಚಹಾಪುಡಿ ಇರುವೆಗೆ ಔತಣ.

ಈಗ ತಳಿಗಳಿಗೆ ಬರೋಣ. ನಿಮ್ಮ ಮನೆಯಲ್ಲಿ ಎರಡು ಬೇಡಿಕೆಗಳಿವೆ, ಒಂದೇ ಗಿಡ ಎರಡನ್ನೂ ಪೂರೈಸುವುದಿಲ್ಲ. ನನ್ನನ್ನು ಕೇಳಿದರೆ ಮೊದಲ ವರ್ಷ ಅತ್ತೆಯವರ ಮಾತು ನಡೆಯಲಿ.

ಪೂಜೆಗೂ ಮುಡಿಗೂ ಒದಗುವುದು ಪನ್ನೀರು ಗುಲಾಬಿ. ನರ್ಸರಿಯವರು ಎಡ್ವರ್ಡ್ ಎಂದು ಕರೆಯುವುದೂ ಇದೇ ಬಳಗದ್ದು. ಹಿಂದೂ ಮಹಾಸಾಗರದ ಬೂರ್ಬೋನ್ ದ್ವೀಪದಲ್ಲಿ, ಅಂದರೆ ಈಗಿನ ರಿಯೂನಿಯನ್‌ನಲ್ಲಿ, ಬೇಲಿಗೆ ನೆಟ್ಟ ಚೀನಾ ಗುಲಾಬಿಗೂ ಡಮಾಸ್ಕ್ ಗುಲಾಬಿಗೂ ತಾನಾಗಿಯೇ ಹುಟ್ಟಿದ ಕೂಸು. ಹೂವು ತಿಳಿಗುಲಾಬಿ, ಸಡಿಲ ಎಸಳು, ಬೆಳಿಗ್ಗೆ ಅರಳಿದ್ದು ಸಂಜೆಗೆ ಉದುರಲು ಶುರು. ಹೂದಾನಿಗೆ ನಾಲಾಯಕ್ಕು. ಆದರೆ ಪರಿಮಳ? ಎರಡು ಹೂ ಇಟ್ಟರೆ ದೇವರ ಕೋಣೆ ತುಂಬುತ್ತದೆ. ಪೆನ್ಸಿಲ್ ಗಾತ್ರದ ಕಡ್ಡಿಯನ್ನು ಮಳೆಗಾಲದಲ್ಲಿ ನೆಲಕ್ಕೆ ಚುಚ್ಚಿದರೂ ಬೇರು ಬಿಡುತ್ತದೆ. ಇದನ್ನು ಬೇರುಗಿಡವಾಗಿ ಬಳಸುವುದು ಅದಕ್ಕೇ. ಕಸಿ ಬೇಕಿಲ್ಲವಾದ್ದರಿಂದ ಮುಂದೆ ‘ಬಣ್ಣ ಬದಲಾಯಿತು’ ಎಂಬ ದೂರೂ ಇರುವುದಿಲ್ಲ. ಮುಳ್ಳು ಮಾತ್ರ ವಿಪರೀತ, ಮಗಳು ಓಡಾಡುವ ಗೇಟಿನ ಪಕ್ಕ ಹಾಕಬೇಡಿ. ಇದರ ಎರಡು ಗಿಡ ಸಾಕು. ಜೊತೆಗೆ ಗ್ರೂಸ್ ಆನ್ ಟೆಪ್ಲಿಟ್ಸ್ ಎಂಬ 1897ರ ಹಳೆಯ ತಳಿ ಸಿಕ್ಕರೆ ಒಂದು ತನ್ನಿ. ಕಡುಗೆಂಪು, ಪರಿಮಳ, ಬಿಸಿಲಿಗೆ ಜಗ್ಗುವುದಿಲ್ಲ. ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಸವಿ, ಅರ್ಕಾ ಪರಿಮಳ ತಳಿಗಳೂ ಬಿಡಿಹೂವಿಗೆಂದೇ, ಬಯಲಿನಲ್ಲಿ ಬೆಳೆಯಲೆಂದೇ ರೂಪಿಸಿದವು. ಗಾಡಿಯವರ ಬಳಿ ಸಿಗುವುದಿಲ್ಲ, ಹುಡುಕಬೇಕು.

ದೊಡ್ಡ ಹೂವಿನ ಆಸೆಗೆ ಬರುವ ಮುನ್ನ ಒಂದು ಮೆಟ್ಟಿಲು ಇಳಿಯಿರಿ ಎಂದು ಕೇಳಿಕೊಳ್ಳುತ್ತೇನೆ. ಫ್ಲೋರಿಬಂಡಾ ಎಂಬ ವರ್ಗವಿದೆ. ಹೂವು ಮಧ್ಯಮ ಗಾತ್ರ, ಒಂದು ಕೊಂಬೆಗೆ ಐದಾರು ಒಟ್ಟಿಗೆ. ಅಂಗಳ ತುಂಬಿದಂತೆ ಕಾಣುವುದು ಇವುಗಳಿಂದಲೇ. ಬಿಳಿಗೆ ಐಸ್‌ಬರ್ಗ್ ಹಾಕಿ, 1958ರ ಜರ್ಮನ್ ತಳಿ, ಮುಳ್ಳು ಕಡಿಮೆ. ಮಳೆಗಾಲದಲ್ಲಿ ಇದಕ್ಕೂ ಎಲೆ ಉದುರಿಸುವ ಕಪ್ಪು ಚುಕ್ಕೆ ರೋಗ ಬರುತ್ತದೆ, ಆದರೆ ಬೇಸರಿಸದೆ ಮತ್ತೆ ಚಿಗುರುತ್ತದೆ. ದೆಹಲಿಯಲ್ಲಿ ಗೋಧಿ ತಳಿಗಳಿಗೆ ಹೆಸರಾದ ವಿಜ್ಞಾನಿ ಬಿ.ಪಿ. ಪಾಲ್ ಬಿಡುವಿನ ವೇಳೆ ಗುಲಾಬಿಗಳನ್ನೂ ಸೃಷ್ಟಿಸಿದವರು. ಅವರ ಡೆಲ್ಲಿ ಪ್ರಿನ್ಸೆಸ್ ಇದೇ ವರ್ಗದ್ದು. ಎತ್ತರದ ಹಿನ್ನೆಲೆ ಬೇಕಾದರೆ ಕ್ವೀನ್ ಎಲಿಜಬೆತ್, ಆರಡಿ ದಾಟುತ್ತದೆ. ಕಾಂಪೌಂಡಿಗೆ ಅಂಟಿಸಿ ನೆಡಬೇಡಿ, ಎರಡಡಿ ಬಿಡಿ.

ನಿಮ್ಮ ಕನಸಿನ ಅಂಗೈಯಗಲದ ಹೂವು ಹೈಬ್ರಿಡ್ ಟೀ ವರ್ಗದ್ದು. ಇದರಲ್ಲಿ ಎರಡಕ್ಕಿಂತ ಹೆಚ್ಚು ಬೇಡ. ವಾರಕ್ಕೊಮ್ಮೆ ಕೂತು ನೋಡಿಕೊಳ್ಳದಿದ್ದರೆ ಕೊರಗುವ ಜಾತಿ ಇದು. ಪರಿಮಳದ ಕಡುಗೆಂಪಿಗೆ ಮಿಸ್ಟರ್ ಲಿಂಕನ್. ಏಪ್ರಿಲ್, ಮೇ ಬಿಸಿಲಿಗೆ ಎಸಳಿನ ಅಂಚು ಸುಡುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಎರಡನೆಯದು ಡಬಲ್ ಡಿಲೈಟ್. ರೋಗಕ್ಕೆ ಬೇಗ ಸಿಲುಕುತ್ತದೆ, ತಜ್ಞನಾಗಿ ನಾನು ಇದನ್ನು ಹೇಳಬಾರದು, ಆದರೂ ನಿಮ್ಮ ಮಗಳಿಗಾಗಿ ಹೇಳುತ್ತೇನೆ. ಮೊಗ್ಗು ಒಡೆದಾಗ ಕೆನೆಬಿಳಿ, ಅಂಚಿಗೆ ಮಾತ್ರ ಕೆಂಪು. ಬಿಸಿಲು ತಾಗಿದ ಕಡೆಯೆಲ್ಲ ಕೆಂಪು ಹರಡುತ್ತಾ, ಮೂರನೆಯ ದಿನಕ್ಕೆ ಹೂವಿನ ಬಹುಭಾಗ ಕೆಂಪೇ. ಆ ಕೆಂಪು ಹುಟ್ಟಲು ಬಿಸಿಲಿನ ನೇರಳಾತೀತ ಕಿರಣ ಬೇಕು. ಶೀಟಿನ ಚಾವಣಿಯ ಕೆಳಗಿಟ್ಟವರು ‘ನನ್ನದು ಬರೀ ಬಿಳಿ’ ಎಂದು ಜಗಳಕ್ಕೆ ಬಂದದ್ದಿದೆ.

ಹೂವಿನಂಗಡಿಯ ತಾಜ್ ಮಹಲ್ ಮುಂತಾದ ‘ಡಚ್ ಗುಲಾಬಿ’ಗಳ ಕಡ್ಡಿ ಚುಚ್ಚಿ ಬೆಳೆಸುವ ಯೋಚನೆ ಬಂದಿದ್ದರೆ ಬಿಡಿ. ಹೊಸೂರು, ದೊಡ್ಡಬಳ್ಳಾಪುರ ಕಡೆಯ ಪಾಲಿಹೌಸ್‌ಗಳಲ್ಲಿ, ಅಂದರೆ ಪ್ಲಾಸ್ಟಿಕ್ ಹೊದಿಕೆಯ ಮನೆಗಳಲ್ಲಿ, ಉದ್ದ ಕಡ್ಡಿಗೂ ಹೂದಾನಿಯ ಬಾಳಿಕೆಗೂ ಆರಿಸಿದ ತಳಿಗಳವು. ಪರಿಮಳ ಇಲ್ಲವೆನ್ನುವಷ್ಟು ಕಡಿಮೆ, ಮಳೆಯ ಅಭ್ಯಾಸ ಮೊದಲೇ ಇಲ್ಲ.

ಎಲ್ಲಿ, ಯಾವಾಗ ಕೊಳ್ಳಬೇಕು? ಫಲಪುಷ್ಪ ಪ್ರದರ್ಶನದಲ್ಲಿ ಬೇಡ. ಅಲ್ಲಿ ಗಿಡಗಳೆಲ್ಲ ಮದುವೆಗೆ ಸಿಂಗರಿಸಿಕೊಂಡು ಬಂದಂತಿರುತ್ತವೆ. ಸೆಪ್ಟೆಂಬರ್ ಕೊನೆಗೆ, ಮೂರು ತಿಂಗಳ ಮಳೆ ತಿಂದ ಮೇಲೆ, ಯಾವುದಾದರೂ ದೊಡ್ಡ ನರ್ಸರಿಯ ತೆರೆದ ಮಡಿಗಳಿಗೆ ಹೋಗಿ. ಹೂವನ್ನು ನೋಡಲೇಬೇಡಿ, ಮೊಣಕಾಲೆತ್ತರದ ಕೆಳಗೆ ಇನ್ನೂ ಎಲೆ ಉಳಿಸಿಕೊಂಡ ಗಿಡ ಯಾವುದು ನೋಡಿ. ನಾನು ಹೇಳಿದ ಪಟ್ಟಿಗಿಂತ ಆ ಎಲೆಗಳ ಮಾತು ಹೆಚ್ಚು ನಂಬತಕ್ಕದ್ದು, ಯಾಕೆಂದರೆ ನಮ್ಮಲ್ಲಿ ಹೆಸರಿನ ಚೀಟಿಗಳು ಸರಿಯಾಗಿರುವುದು ಅಪರೂಪ. ಗಂಟಿನ ಮೇಲೆ ಕನಿಷ್ಠ ಎರಡು ದಪ್ಪ ಕೊಂಬೆ ಇರಬೇಕು. ನೆಡುವಾಗ ಗಂಟು ಮಣ್ಣಿನಿಂದ ಎರಡು ಇಂಚು ಮೇಲಿರಲಿ. ವಿದೇಶಿ ವಿಡಿಯೊಗಳಲ್ಲಿ ಗಂಟನ್ನು ಹೂಳಿ ಎನ್ನುತ್ತಾರೆ. ಅದು ಹಿಮ ಬೀಳುವ ಊರಿನ ಮಾತು. ಗಿಡದಿಂದ ಗಿಡಕ್ಕೆ ಮೂರಡಿ. ನಿಮ್ಮ ಜಾಗಕ್ಕೆ ಏಳೆಂಟು ಗಿಡ ಮೀರಬಾರದು.

ವಿಷದ ವಿಚಾರ. ಬೋಳಾಗುವ ಗಿಡಕ್ಕೆ ಬಂದಿರುವುದು ಕಪ್ಪು ಚುಕ್ಕೆ ರೋಗವೇ ಇರಬೇಕು. ಅದರ ಶಿಲೀಂಧ್ರ ಎಲೆಯೊಳಗೆ ಇಳಿಯಲು ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿರಬೇಕು. ಸಂಜೆ ಪೈಪಿನಲ್ಲಿ ಗಿಡಕ್ಕೆ ಸ್ನಾನ ಮಾಡಿಸಿದರೆ ಬೆಳಗಿನವರೆಗೆ ಆ ಏಳು ಗಂಟೆ ನಾವೇ ಕೊಟ್ಟಂತೆ. ಬೆಳಿಗ್ಗೆ, ಬುಡಕ್ಕೆ ಮಾತ್ರ ನೀರು ಹಾಕಿ. ಉದುರಿದ ಚುಕ್ಕೆ ಎಲೆಗಳನ್ನು ಗುಡಿಸಿ ಸುಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಇಷ್ಟರಿಂದ ರೋಗ ಹತೋಟಿಗೆ ಬರುತ್ತದೆ, ಪೂರ್ತಿ ಹೋಗುವುದಿಲ್ಲ. ಔಷಧಿ ಬೇಡವೆಂದರೆ ಮಳೆಗಾಲದ ಎರಡು ತಿಂಗಳು ಅರೆಬೋಳು ಗಿಡ ನೋಡಲು ಸಿದ್ಧರಿರಬೇಕು. ಎಲೆಗೆ ಬಿಳಿ ಪುಡಿ ಬಳಿದಂತೆ ಕಾಣುವ ಚಳಿಗಾಲದ ಬೂದಿ ರೋಗಕ್ಕೆ ನೀರಿನಲ್ಲಿ ಕರಗುವ ಗಂಧಕ ಹಳೆಯ, ತಕ್ಕಮಟ್ಟಿಗೆ ಸೌಮ್ಯವಾದ ಮದ್ದು. ಸಿಂಪಡಿಸುವಾಗ ಮಗುವನ್ನು ಒಳಗಿಡಿ. ಬಿಸಿಲು ಜೋರಿದ್ದಾಗ, ಅಥವಾ ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಬಳಸಿದರೆ ಎಲೆ ಸುಟ್ಟುಹೋಗುತ್ತದೆ. ಇನ್ನೊಂದು ಮಾತು, ಇದನ್ನು ಯಾವ ನರ್ಸರಿಯವರೂ ಹೇಳುವುದಿಲ್ಲ: ಹೊಸದಾಗಿ ತಂದ ಗಿಡದೊಳಗೆ ಅವರು ಹೊಡೆದ ಔಷಧಿ ಇನ್ನೂ ಇರುತ್ತದೆ. ಮೊದಲ ಎರಡು ಮೂರು ತಿಂಗಳ ಹೂವನ್ನು ನೋಡಿ ಖುಷಿಪಡಿ. ಗುಲ್ಕನ್ ಮಾಡಬೇಡಿ, ಎಸಳು ಮಗುವಿನ ಬಾಯಿಗೆ ಹೋಗದಿರಲಿ.

ಇದೇ ಪ್ರಶ್ನೆ ಉಡುಪಿಯಿಂದ ಬಂದಿದ್ದರೆ ಡಬಲ್ ಡಿಲೈಟ್ ಹೆಸರೆತ್ತುತ್ತಿರಲಿಲ್ಲ, ಪನ್ನೀರು ಗುಲಾಬಿಯನ್ನು ಸೂರಿನಂಚಿನ ಕುಂಡದಲ್ಲಿಡಿ, ಉಳಿದ ಜಾಗಕ್ಕೆ ಶಂಕರಪುರದ ಮಲ್ಲಿಗೆ ಹಾಕಿ ಎನ್ನುತ್ತಿದ್ದೆ. ರಾಯಚೂರಿನ ಎರೆಮಣ್ಣಿಗಾದರೆ ಮಡಿಯನ್ನು ಒಂದಡಿ ಎತ್ತರಿಸಿ, ಮಧ್ಯಾಹ್ನದ ನೆರಳು ಹುಡುಕಿ ಎನ್ನುತ್ತಿದ್ದೆ. ನಿಮಗೆ ಆ ಗೋಜಿಲ್ಲ.

ಇನ್ನು ಆ ಬಿಳಿ ಹೂವಿನ ಗಿಡ. ನಿಮ್ಮ ನೀರು, ನಿಮ್ಮ ಮಣ್ಣು, ನಿಮ್ಮ ಬಿಸಿಲು ಎಲ್ಲವನ್ನೂ ಜೀರ್ಣಿಸಿಕೊಂಡು ಬೇರೂರಿದ ಗಿಡ ನಿಮ್ಮಲ್ಲಿ ಅದೊಂದೇ. ಅದನ್ನು ಕಿತ್ತು ಹೊಸ ಕಸಿಗಿಡ ತರುವ ಬದಲು ಅದಕ್ಕೇ ಕಸಿ ಕಟ್ಟಿಸಿ. ಡಿಸೆಂಬರ್, ಜನವರಿಯಲ್ಲಿ ಕಣ್ಣು ಕಸಿ ಬಲ್ಲ ಮಾಲಿಯೊಬ್ಬರನ್ನು ಕರೆಯಿರಿ. ಹಿಂದಿನ ದಿನ ಬುಡಕ್ಕೆ ಚೆನ್ನಾಗಿ ನೀರುಣಿಸಿರಿ, ತೊಗಟೆ ಸುಲಭವಾಗಿ ಬಿಡುತ್ತದೆ. ಕಣ್ಣನ್ನು ಪರಿಚಯದವರ ಮನೆಯ ಆರೋಗ್ಯವಂತ ಗಿಡದಿಂದ, ಆಗತಾನೆ ಹೂವು ಮುಗಿಸಿದ ಕೊಂಬೆಯಿಂದ ತೆಗೆಯಬೇಕು. ಮುಳ್ಳನ್ನು ಹೆಬ್ಬೆರಳಿನಿಂದ ಒತ್ತಿದರೆ ಟಕ್ಕನೆ ಮುರಿದರೆ ಕೊಂಬೆ ಹದವಾಗಿದೆ ಎಂದರ್ಥ. ನೆಲದಿಂದ ನಾಲ್ಕು ಇಂಚು ಮೇಲೆ ‘ಟಿ’ ಆಕಾರದಲ್ಲಿ ತೊಗಟೆ ಸೀಳಿ, ಕಣ್ಣು ಕೂರಿಸಿ, ಕಣ್ಣೊಂದನ್ನು ಬಿಟ್ಟು ಸುತ್ತಲೂ ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಾರೆ. ಒಂದೇ ಗಿಡಕ್ಕೆ ಎರಡು ಮೂರು ಕೊಂಬೆಯಲ್ಲಿ ಕಟ್ಟಿಸಿ, ಎಲ್ಲವೂ ಹಿಡಿಯುವುದಿಲ್ಲ. ಮೂರು ನಾಲ್ಕು ವಾರದ ನಂತರವೂ ಕಣ್ಣು ಹಸಿರಾಗಿಯೇ ಇದ್ದರೆ ಪಟ್ಟಿ ಬಿಚ್ಚಿ, ಅದು ಚಿಗುರಲು ಶುರುಮಾಡಿದ ಮೇಲಷ್ಟೇ ಮೇಲಿನ ಬಿಳಿ ಹೂವಿನ ಕೊಂಬೆಯನ್ನು ಕತ್ತರಿಸಿ.